ಸಬ್‌ವೂಫರ್ ಬಾಕ್ಸ್‌ನ ಲೀಟರ್ ಲೆಕ್ಕ ಬರೆದುಕೊಡಲಿ

ಮಾನ್ಯ ಸಂಪಾದಕರೇ,

ಪಿಕಪ್ ಗಾಡಿಗಳಿಗೆ ಸಬ್‌ವೂಫರ್, ಅಂದರೆ ತಗ್ಗಿನ ಸ್ವರಗಳನ್ನು (ಬೇಸ್) ಹೊರಡಿಸುವ ಸ್ಪೀಕರ್, ಕೂರಿಸಿಕೊಡುವ ಅಂಗಡಿಗಳು ಕಲಬುರಗಿಯಲ್ಲಿ ಈಗ ಅಪರೂಪವಲ್ಲ. ಅಲ್ಲಿ ಗಿರಾಕಿಯ ಮುಂದೆ ಇಡುವ ಲೆಕ್ಕ ಎರಡೇ: ಎಷ್ಟು ಇಂಚಿನ ಸ್ಪೀಕರ್, ಎಷ್ಟು ವ್ಯಾಟ್‌ನ ಆಂಪ್ಲಿಫೈಯರ್. ಸ್ಪೀಕರ್ ಹಿಂದಿನ ಮರದ ಬಾಕ್ಸ್‌ನೊಳಗೆ ಎಷ್ಟು ಲೀಟರ್ ಗಾಳಿ ಇದೆ ಎಂಬ ಮೂರನೆಯ ಲೆಕ್ಕವನ್ನು ಯಾರೂ ಹೇಳುವುದಿಲ್ಲ. ಬೇಸ್ ಚೆನ್ನಾಗಿ ಬರುವುದೂ ಕೆಡುವುದೂ ಬಹುಮಟ್ಟಿಗೆ ಅದರ ಮೇಲೆಯೇ ನಿಂತಿರುವುದರಿಂದ, ಆ ಅಂಕಿಯನ್ನು ಬಿಲ್ಲಿನಲ್ಲಿ ಬರೆದುಕೊಡಬೇಕೆಂದು ಬಾಕ್ಸ್ ತಯಾರಿಸುವವರನ್ನು ತಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತಿದ್ದೇನೆ.

ನನ್ನ ತಮ್ಮ ಚಿತ್ತಾಪುರದ ಕಡೆಯಿಂದ ಕಲಬುರಗಿಯ ಎಪಿಎಂಸಿಗೆ ತೊಗರಿ ತರುವ ಪಿಕಪ್ ಓಡಿಸುತ್ತಾನೆ. ಸೀಟಿನ ಹಿಂದೆ ಜಾಕು, ಪಾನಾ ಇಡುತ್ತಿದ್ದ ಕಿರಿದಾದ ಜಾಗದಲ್ಲಿ 10 ಇಂಚಿನ ತೆಳು ಸಬ್‌ವೂಫರ್ ಕೂರಿಸಲು ಅವನು ನಗರದ ಒಂದು ಅಂಗಡಿಯಲ್ಲಿ ಬಾಕ್ಸ್ ಮಾಡಿಸಿದ. ಅಗಲ 100 ಸೆಂಟಿಮೀಟರ್, ಎತ್ತರ 34. ಸೀಟು ಹಿಂದಕ್ಕೆ ವಾಲಿರುವುದರಿಂದ ಆಳ ಕೆಳಗೆ 18, ಮೇಲೆ 10, ಅಂದರೆ ಸರಾಸರಿ 14. ಗುಣಿಸಿದರೆ ಸುಮಾರು 47 ಲೀಟರ್ ಆಗುತ್ತದೆಂದು ಹೇಳಿ ಆ ಲೆಕ್ಕಕ್ಕೆ ಸರಿಯಾಗಿ 3 ಇಂಚಿನ ಪಿವಿಸಿ ಪೈಪನ್ನೂ 15 ಸೆಂಟಿಮೀಟರ್ ಉದ್ದಕ್ಕೆ ಕೊಯ್ದು ಬಾಕ್ಸ್‌ಗೆ ಜೋಡಿಸಿದರು. ಹಾಡು ಹಚ್ಚಿದಾಗ ತಬಲಾದ ಎಡವೂ ಡೊಳ್ಳೂ ಬೇಸ್ ಗಿಟಾರೂ ಒಂದೇ ಗುಂಯ್ ಎಂಬ ಸದ್ದಿನಲ್ಲಿ ಕರಗಿಹೋದವು. ಅದಕ್ಕಿಂತ ಕೆಳಗಿನ ಸ್ವರ ಬಂದಾಗ ಸ್ಪೀಕರಿನ ಕಾಗದದ ಕೋನ್ ಸದ್ದು ಮಾಡದೆ ಬರಿದೇ ಒದರಾಡುತ್ತಿತ್ತು. ಮರಳಿ ಅಂಗಡಿಗೆ ಹೋದಾಗ ಸಿಕ್ಕ ಉತ್ತರ: “ಬಾಕ್ಸ್‌ನ್ಯಾಗ ಏನೂ ತಪ್ಪಿಲ್ರಿ ಅಣ್ಣಾರ, ಆಂಪ್ ಸಣ್ಣದದ, ದೊಡ್ಡದು ಹಾಕ್ರಿ.”

ನನಗೆ ಅನುಮಾನ ಬಂದು ಸ್ಪೀಕರ್ ಬಿಚ್ಚಿಸಿದೆ. ಪೈಪಿನ ಬಾಯಿಗೆ ಟೇಪು ಸುತ್ತಿ, ಬಾಕ್ಸನ್ನು ಅಂಗಳದ ಫರಸಿಯ ಮೇಲೆ ಅಂಗಾತ ಮಲಗಿಸಿ, ಸ್ಪೀಕರ್ ಕೂರುವ ರಂಧ್ರದಿಂದ ಒಂದು ಲೀಟರಿನ ಎಣ್ಣೆ ಡಬ್ಬಿಯಲ್ಲಿ ತೊಗರಿಯನ್ನು ಅಳೆದು ಅಳೆದು ಸುರಿದೆವು. ಮೂಲೆಮೂಲೆಗೂ ಕಾಳು ಇಳಿಯಲೆಂದು ನಡುನಡುವೆ ಬಾಕ್ಸನ್ನು ಅಲುಗಾಡಿಸಿದೆವು. 29ನೆಯ ಡಬ್ಬಿಗೆ ಅದು ತುಂಬಿಹೋಯಿತು. ಉಳಿದ 18 ಲೀಟರ್ ಎಲ್ಲಿ ಹೋಯಿತೆಂದರೆ, ಹೆಚ್ಚಿನ ಪಾಲು ಹಲಗೆಯ ದಪ್ಪದಲ್ಲಿಯೇ ಹೋಗಿತ್ತು. 18 ಮಿಲಿಮೀಟರ್ ಪ್ಲೈವುಡ್ ಬಳಸಿದಾಗ ಪ್ರತಿಯೊಂದು ಅಳತೆಯಲ್ಲೂ 3.6 ಸೆಂಟಿಮೀಟರ್ ಕಳೆಯಬೇಕು. ಆಗ ಉಳಿಯುವುದು 96.4, 30.4 ಮತ್ತು 10.4, ಅಂದರೆ ಸುಮಾರು 30 ಲೀಟರ್. ಒಳಗಿನ ಮೂಲೆಪಟ್ಟಿ ಮತ್ತು ಪೈಪು ಇನ್ನೊಂದು ಲೀಟರ್ ತಿಂದವು, ಸ್ಪೀಕರಿನ ಮೈ ಮತ್ತೊಂದನ್ನು ತಿನ್ನುತ್ತದೆ. ಬಾಕ್ಸ್ ಮಾಡಿದವರು ಹೊರಗಿನ ಅಳತೆಯನ್ನೇ ಗುಣಿಸಿಬಿಟ್ಟಿದ್ದರು.

ಈ ತಪ್ಪಿನಿಂದ ಆಗುವುದೇನೆಂದರೆ, ಪೈಪಿನೊಳಗಿನ ಗಾಳಿಯೂ ಬಾಕ್ಸಿನೊಳಗಿನ ಗಾಳಿಯೂ ಸೇರಿ, ಖಾಲಿ ಸೀಸೆಯ ಬಾಯಿಗೆ ಊದಿದಾಗ ಹೊರಡುವಂಥ ಒಂದು ಸ್ವರಕ್ಕೆ ಶ್ರುತಿಗೊಳ್ಳುತ್ತವೆ. ಅಂಗಡಿಯವರ 47ರಲ್ಲಿ ಈ ಎರಡು ಲೀಟರ್ ಕಳೆದರೆ ಸಿಗುವ 45 ಲೀಟರಿನಲ್ಲಿ ಅದೇ ಪೈಪು ಸುಮಾರು 38 ಹರ್ಟ್ಸ್‌ಗೆ (ಸೆಕೆಂಡಿಗೆ 38 ಕಂಪನ) ನಿಲ್ಲುತ್ತಿತ್ತು, ನಿಜವಾಗಿ ಉಳಿದ 28 ಲೀಟರಿನಲ್ಲಿ ಅದು 48ಕ್ಕೆ ಏರಿತು. ಆ ಸ್ವರದ ಸುತ್ತಮುತ್ತ ಬಾಕ್ಸ್ ಅಬ್ಬರಿಸುತ್ತದೆ, ಅದರ ಕೆಳಗೆ ಸ್ಪೀಕರಿಗೆ ಗಾಳಿಯ ಆಸರೆಯೇ ತಪ್ಪಿಹೋಗುತ್ತದೆ. ಇಂಥದರಲ್ಲಿ ದೊಡ್ಡ ಆಂಪ್ ಹಾಕಿದರೆ ಸ್ಪೀಕರ್ ಬೇಗ ಹರಿಯುತ್ತದೆ, ಅಷ್ಟೆ. ವ್ಯಾಟ್ ಇಮ್ಮಡಿಯಾದರೆ ಸದ್ದಿನ ಅಳತೆಯಲ್ಲಿ ಹೆಚ್ಚುವುದು ಮೂರೇ ಡೆಸಿಬಲ್; ಕಿವಿಗೆ ಸದ್ದು ಇಮ್ಮಡಿ ಎನಿಸಬೇಕಾದರೆ ಸುಮಾರು 10 ಡೆಸಿಬಲ್, ಅಂದರೆ ಹತ್ತು ಪಟ್ಟು ವ್ಯಾಟ್ ಬೇಕು. ಅಷ್ಟನ್ನು ಗಾಡಿಯ 12 ವೋಲ್ಟ್ ಬ್ಯಾಟರಿಯಿಂದ ಎಳೆಯಲು ಹೋಗುವವರು, ಬ್ಯಾಟರಿಯ ಪಕ್ಕದಲ್ಲೇ ತಂತಿಗೆ ತಕ್ಕ ಫ್ಯೂಸ್ ಇದೆಯೇ ಎಂಬುದನ್ನಾದರೂ ನೋಡಿಕೊಳ್ಳಬೇಕು.

ಈ ಲೆಕ್ಕ ಹೊಸದೇನಲ್ಲ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಪೈಪಿನ ಬಾಕ್ಸ್‌ನ ಗಣಿತವನ್ನು ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿ ವಿಸ್ತರಿಸಿದರು. ಒಳ್ಳೆಯ ಸಬ್‌ವೂಫರ್‌ನ ಜೊತೆ ಬರುವ ಮಾಹಿತಿ ಕಾಗದದಲ್ಲಿ ಇಂದಿಗೂ ಅವರಿಬ್ಬರ ಹೆಸರಿನ ಅಂಕಿಗಳು ಅಚ್ಚಾಗಿರುತ್ತವೆ. ನಮ್ಮ ಸ್ಪೀಕರಿನ ಕಾಗದದಲ್ಲಿ ಕ್ಯೂಟಿಎಸ್ (ಸ್ಪೀಕರಿನ ಅಲುಗಾಟ ಎಷ್ಟು ಬೇಗ ಅಡಗುತ್ತದೆಂಬ ಅಂಕಿ) 0.5, ವಿಎಎಸ್ (ಸ್ಪೀಕರಿನ ಕೋನ್ ಹಿಡಿದಿರುವ ಕಟ್ಟಿನಷ್ಟೇ ಬಿಗಿಯಾಗಿ ವರ್ತಿಸುವ ಗಾಳಿಯ ಪ್ರಮಾಣ) 45 ಲೀಟರ್ ಎಂದಿತ್ತು. ಪೂರ್ತಿ ಮುಚ್ಚಿದ 28 ಲೀಟರಿನ ಬಾಕ್ಸ್‌ನಲ್ಲಿ ಇಂಥ ಸ್ಪೀಕರಿನ ಕ್ಯೂ, ಅಂದರೆ ಬಾಕ್ಸ್‌ನೊಳಗೆ ಕೂತ ಮೇಲಿನ ಅದೇ ಅಲುಗಾಟದ ಅಂಕಿ, ಸುಮಾರು 0.8 ಬರುತ್ತದೆ. 0.7 ಆದರ್ಶವೆನ್ನುತ್ತಾರೆ, 1 ದಾಟಿದರೆ ಗುಂಯ್‌ಗುಡುವಿಕೆ ಎದ್ದು ಕೇಳುತ್ತದೆ. ಹೀಗಾಗಿ ಹೊಸ ಬಾಕ್ಸ್ ಬೇಕಾಗಲೇ ಇಲ್ಲ. ಪೈಪ್ ತೆಗೆದು, ಆ ರಂಧ್ರಕ್ಕೆ ಪ್ಲೈವುಡ್ ತುಂಡು ಕೂರಿಸಿ, ಸಂದುಗಳಿಗೆಲ್ಲ ಸಿಲಿಕಾನ್ ಹಚ್ಚಿ, ಹಳೆಯ ದಿಂಬಿನ ಪಾಲಿಯೆಸ್ಟರ್ ಹತ್ತಿಯನ್ನು ಒಳಗೆ ಸಡಿಲವಾಗಿ ತುಂಬಿದೆವು. ಆಂಪ್ ಹಳೆಯದೇ ಉಳಿಯಿತು. ಈಗ ತಬಲಾದ ಎಡದ ಮೀಂಡು (ಜಾರುವ ನಾದ) ಬೇರೆ, ಡೊಳ್ಳಿನ ಪೆಟ್ಟು ಬೇರೆ ಕೇಳುತ್ತವೆ.

ಪಿಕಪ್ಪಿನ ಪುಟ್ಟ ಕ್ಯಾಬಿನ್ ಕೂಡ ಇದಕ್ಕೆ ನೆರವಾಗುತ್ತದೆ. 40 ಹರ್ಟ್ಸ್ ಅಲೆಯ ಉದ್ದ ಎಂಟೂವರೆ ಮೀಟರ್. ಅದು ಕ್ಯಾಬಿನ್ನಿನಲ್ಲಿ ಹಿಡಿಸುವುದೇ ಇಲ್ಲ. ಅಷ್ಟು ತಗ್ಗಿನ ಸ್ವರಕ್ಕೆ ಒಳಗಿನ ಗಾಳಿಯೆಲ್ಲ ಒಟ್ಟಿಗೇ ಒತ್ತಿ ಸಡಿಲುವುದರಿಂದ, ಮುಚ್ಚಿದ ಬಾಕ್ಸ್ ಕೆಳಗಿನ ಸ್ವರಗಳಲ್ಲಿ ಕಳೆದುಕೊಳ್ಳುವ ಬಲವನ್ನು ಕ್ಯಾಬಿನ್ ಬಹುಪಾಲು ತುಂಬಿಕೊಡುತ್ತದೆ. (ನಮ್ಮ ಬೇಸಿಗೆಯಲ್ಲಿ ಕಿಟಕಿ ಇಳಿಸಿಯೇ ಓಡಿಸುವವರಿಗೆ ಈ ಲಾಭ ಕಡಿಮೆ ಎಂಬುದನ್ನು ಒಪ್ಪುತ್ತೇನೆ.) ಹಿಂದಿನ ತೆರೆದ ಡಾಲಾದಲ್ಲಿ ಬಾಕ್ಸ್ ಪೇರಿಸಿದರೆ ಈ ನೆರವು ಸಿಗುವುದಿಲ್ಲ, ಮೆರವಣಿಗೆಯ ಗಾಡಿಗಳು ಸಾವಿರಾರು ವ್ಯಾಟ್ ಸುರಿಯುವುದಕ್ಕೆ ಇದೂ ಒಂದು ಕಾರಣ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ನಿಗದಿಪಡಿಸಿದ ಮಿತಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಾತ್ರ. ಸೀಟಿನ ಹಿಂದೆ ಸರಿಯಾದ ಬಾಕ್ಸ್ ಇಟ್ಟುಕೊಂಡವನು ಓಣಿಯನ್ನು ನಡುಗಿಸದೆಯೂ ತನ್ನ ಹಾಡು ಕೇಳಬಲ್ಲನು.

ಆದುದರಿಂದ ಬಾಕ್ಸ್ ಮಾಡುವ ಬಡಿಗರೂ ಅಂಗಡಿಯವರೂ ಒಳಗಿನ ನಿವ್ವಳ ಲೀಟರ್, ಬಾಕ್ಸ್ ಮುಚ್ಚಿದ್ದೋ ಪೈಪಿನದೋ ಎಂಬುದು, ಪೈಪಿನದಾದರೆ ಶ್ರುತಿ ಎಷ್ಟು ಹರ್ಟ್ಸ್ ಎಂಬುದು, ಇಷ್ಟನ್ನು ಬಿಲ್ಲಿನ ಹಿಂದೆಯಾದರೂ ಬರೆದುಕೊಡಲಿ. ಗಿರಾಕಿಗಳು ಸ್ಪೀಕರ್ ಕೂರಿಸುವ ಮೊದಲೇ ಕಾಳು ಸುರಿದು ಅಳೆದುಕೊಳ್ಳಲಿ. ಅಳೆದ ಮೇಲೆ ಬಾಕ್ಸನ್ನು ಬೋರಲು ಹಾಕಿ ಚೆನ್ನಾಗಿ ಬಡಿಯಬೇಕು. ನಮ್ಮಲ್ಲಿ ಒಂದು ಹಿಡಿಯಷ್ಟು ತೊಗರಿ ಮೂಲೆಪಟ್ಟಿಯ ಸಂದಿನಲ್ಲಿ ಉಳಿದುಬಿಟ್ಟು, ಎರಡು ದಿನ ಪ್ರತಿ ಡೊಳ್ಳಿನ ಪೆಟ್ಟಿಗೂ ಗಲಗಲ ಎನ್ನುತ್ತಿತ್ತು.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಕಲಬುರಗಿ