ಮಗಳಿಗೊಂದು ಪತ್ರ: ಟೊಂಕದ ಆ ರಾತ್ರಿ

ನವನಗರ, ಬಾಗಲಕೋಟೆ

ಸಣ್ಣವ್ವಾ,

ನಿನ್ನೆ ದನಿ ಏರಿಸಿದ್ದು ನನ್ನದೇ ತಪ್ಪು. ಆದರೆ ನೀನೂ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಕಾಗದ ಹಿಡಿದೆ, ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ.

ಹೊನ್ನಾವರಕ್ಕೆ ಕಡಲಾಮೆ ಕಾಯಲು ಹೋಗಬೇಡ, ರಾತ್ರಿಯೆಲ್ಲಾ ದಂಡೆ ಮೇಲೆ ಹುಡುಗಿ ಒಬ್ಬಳೇ ತಿರುಗುವುದೇನು ಎಂದೆ. "ಒಬ್ಬಳೇ ಅಲ್ಲ, ಮೀನುಗಾರರು ಜೊತೆಗಿರ್ತಾರಂತೆ, ನೀವು ಕೇಳಿಸಿಕೊಂಡರೆ ತಾನೆ" ಎಂದು ನಿಮ್ಮವ್ವ ಬೈದಳು. ಸರಿ.

ನಿಜ ಹೇಳಲಾ? ನನ್ನನ್ನು ಕಾಡುವುದು ನೀನು ಆರನೇ ಕ್ಲಾಸಿನಲ್ಲಿದ್ದಾಗ ಅದೇ ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಆದದ್ದು. ದಂಡೆಯಲ್ಲಿ ನಾವು ಮೂವರು, ಎಳೆದಿಟ್ಟ ದೋಣಿಗಳು, ಅಷ್ಟೇ. ರೊಟ್ಟಿ ಬುಟ್ಟಿ ಮಗುಚಿ ಹಾಕಿದಂತೆ ಕಡಲಾಮೆ ಅಲೆಯಿಂದ ಎದ್ದು ಬಂತು. "ಅಪ್ಪಾ, ಲೈಟ್ ಬೇಡ" ಎಂದೆ ನೀನು. ನಾನು ಹೊಸ ಟಾರ್ಚನ್ನು ನೇರ ಮುಖಕ್ಕೇ ಬಿಟ್ಟೆ. ಅದು ನಿಂತಿತು. ತಿರುಗಿತು. ಗುಣಿಯನ್ನೂ ತೋಡದೆ ನೀರಿಗೆ ವಾಪಸ್ ಹೋಯಿತು. ಮರುದಿನ ಬಸ್ಸು ಯಲ್ಲಾಪುರ ದಾಟಿದರೂ ನೀನು ಮಾತಾಡಲಿಲ್ಲ.

ಆಲಿವ್ ರಿಡ್ಲೆ ಜಾತಿಯ ಆ ಆಮೆ ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ ಇಡುತ್ತದೆ ಎಂದು ನೀನೇ ಆಮೇಲೆ ಹೇಳಿದ್ದು. ಆ ನೂರನ್ನು ಅದು ಎಲ್ಲಿಟ್ಟಿತು? ಪಕ್ಕದ ದಂಡೆಯಲ್ಲೋ? ಮರುರಾತ್ರಿ ಬಂತೋ? ಹಾಗೆ ತಿರುಗಿ ಹೋದವು ಮತ್ತೆ ಬರುತ್ತವೆ ಎಂದು ಸಮಾಧಾನ ಹೇಳಿದ್ದೀಯ. ಅಂಗಡಿ ಲೆಕ್ಕ ತಾಳೆಯಾಗದ ದಿನವೂ ನನಗೆ ನಿದ್ದೆ ಬರುತ್ತಿತ್ತು. ಇದಕ್ಕೆ ಮಾತ್ರ ಎಚ್ಚರವಾಗುತ್ತದೆ.

ಹುಟ್ಟಿದ ತೀರದ ಕಡೆಗೇ ಮೊಟ್ಟೆ ಇಡಲು ಬರುತ್ತವಂತೆ ಎಂದು ಅಜ್ಜಿಗೆ ಹೇಳಿದೆ. "ಅವಕ್ಕರ ದಂಡಿ ಐತಿ" ಎಂದಳು. ಅವಳ ಮನೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದೆ, ಗೊತ್ತಲ್ಲ.

ಉಪದೇಶ ಬೇಡ ಎಂದುಕೊಂಡೇ ಕೂತೆ. ಆದರೂ ಕೇಳು. ಅಲೆಗೆ ಬೆನ್ನು ಕೊಡಬೇಡ. ಗೂಡು ಕೆದರಲು ನಾಯಿಗಳು ಬರುತ್ತವೆ, ಕೈಯಲ್ಲಿ ಕೋಲಿರಲಿ. ದಂಡೆಗೆ ದೀಪ ಬಿಟ್ಟವರ ಜೊತೆ ಜಗಳ ತೆಗೆಯಬೇಡ. ಮರಿಗಳು ಬೆಳಕನ್ನೇ ಕಡಲೆಂದು ತಿಳಿದು ಊರ ಕಡೆ ಹರಿದು ಸಾಯುತ್ತವೆ, ಗೊತ್ತು. ಆದರೂ ಮೆತ್ತಗೆ ಹೇಳು. ನಿನಗೆ ಮೆತ್ತಗೆ ಹೇಳಲು ಬರುವುದಿಲ್ಲ, ಅದು ನನ್ನ ಕಡೆಯಿಂದ ಬಂದದ್ದು. ಹೊತ್ತಿಗೆ ಸರಿಯಾಗಿ ಉಣ್ಣು. ದಿನಾ ಫೋನ್ ಮಾಡು. ಎರಡು ದಿನಕ್ಕೊಮ್ಮೆಯಾದರೂ ಮಾಡು.

ಗೂಡಿನ ಮರಳು ಜಾಸ್ತಿ ಕಾದರೆ ಹೆಣ್ಣು ಮರಿ, ತಂಪಿದ್ದರೆ ಗಂಡು ಎಂದು ಕಟ್ಟೆ ಮೇಲೆ ಎಲ್ಲರಿಗೂ ಹೇಳಿದೆ, ನಾನೇ ಕಂಡುಹಿಡಿದವನಂತೆ. "ಹಂಗಾದ್ರ ನಮ್ಮ ಬಿಸಲಿಗೆ ಬರೀ ಹೆಣ್ಣ" ಎಂದ ಒಬ್ಬ. ಆಗಲಿ ಬಿಡು ಎಂದೆ.

ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಇದೆ. ತಳದಲ್ಲಿ ಟಾರ್ಚು, ಅದೇ ಟಾರ್ಚು. ಗಾಜಿಗೆ ಕೆಂಪು ಹಾಳೆ ಸುತ್ತಿದ್ದೇನೆ. ನಿನ್ನೆ ರಾತ್ರಿ ಮಾಳಿಗೆ ಮೇಲೆ ಹಚ್ಚಿ ನೋಡಿದೆ. ಮೂರು ಪದರ ಜಾಸ್ತಿಯಾಯಿತು, ಮೆಟ್ಟಿಲು ಕಾಣದೆ ಹೆಬ್ಬೆರಳು ಒಡೆದುಕೊಂಡೆ. ಒಂದು ಪದರ ತೆಗೆದಿದ್ದೇನೆ.

ನಿನ್ನ ಅಪ್ಪ