ನೀನು ನೋಡದಿದ್ದರೆ ಕೆಡುವುದರ ಕುರಿತು

ಶಿರಸಿ

ಚಿರಂಜೀವಿ ಕೂಸಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರವನ್ನು ದೊಡ್ಡಮ್ಮ ಗಟ್ಟಿಯಾಗಿ ಓದಿ ಹೇಳಿದಳು. ಒಂದು ಸಾಲನ್ನು ಮಾತ್ರ ನಾನೇ ಕನ್ನಡಕ ಹಾಕಿಕೊಂಡು ಮತ್ತೆ ಓದಿದೆ. ಕೈಕೆಳಗಿನವರು ಮುಗಿಸಿಕೊಟ್ಟ ಕೆಲಸವನ್ನು ರಾತ್ರಿ ಎರಡು ಗಂಟೆಗೆ ಎದ್ದು ಮೊದಲಿನಿಂದ ತಿದ್ದುತ್ತೀಯೆಂದೂ, ‘ನಾನು ನೋಡದಿದ್ದರೆ ಎಲ್ಲವೂ ಕೆಟ್ಟುಹೋದೀತು’ ಎಂಬ ಹೆದರಿಕೆ ಬಿಡುತ್ತಿಲ್ಲವೆಂದೂ ಬರೆದಿದ್ದೀಯಲ್ಲ, ಆ ಸಾಲು. ಅದು ನನ್ನದೇ ಬಾಯಿಂದ ಬಂದಂತಿತ್ತು.

ಅಡಿಕೆ ಕೊಳೆತು ಉದುರುವ ಕೊಳೆರೋಗದ ಭಯದಲ್ಲಿ ಎಷ್ಟೋ ಮಳೆಗಾಲ ಕಳೆದವನು ನಾನು. ಅದಕ್ಕೆ ಹೊಡೆಯುವ ಬೋರ್ಡೋ ಔಷಧಿಗೆ ಒಟ್ಟು 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸುಣ್ಣದ ನೀರಿಗೆ ತುತ್ತದ ನೀರನ್ನು ಸುರಿಯಬೇಕೇ ಹೊರತು ಹಿಂದುಮುಂದಾಗಕೂಡದು. ಕಡೆಗೆ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಕಲಿಸಲು ಒಂದು ಬೆಳಗು ಸಾಕಿತ್ತು. ಆದರೂ ಬೋರ್ಡೋ ಬೆರೆಸುವ ಡ್ರಮ್ಮಿನ ಹತ್ತಿರ ನಿನ್ನ ಅಣ್ಣನನ್ನು ಬಿಟ್ಟುಕೊಳ್ಳಲಿಲ್ಲ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ತುದಿಯಲ್ಲಿದ್ದಾಗಲೂ ಕೆಳಗಿನಿಂದ ಕೂಗುತ್ತಿದ್ದೆ. “ನನಗೆ ಅಡಿಕೆ ಕೊನೆ ಕಾಣ್ತದೆ ಹೆಗಡೇರೇ, ನಿಮಗೆ ಕಾಣೋದು ನನ್ನ ಕಾಲು” ಎಂದು ಅವನೊಮ್ಮೆ ನಕ್ಕಿದ್ದ.

ಅಷ್ಟು ಕಾದರೂ ಕೊಳೆ ಬರುವ ವರ್ಷ ಬಂದೇ ಬಂತು. ಮೊದಲ ಔಷಧಿ ಹೊಡೆದು 40–45 ದಿನಕ್ಕೆ ಎರಡನೆಯದು ಬೀಳಬೇಕಿದ್ದ ಹೊತ್ತಿನಲ್ಲಿ ಎರಡು ವಾರ ಬಿಸಿಲೇ ಕಾಣದೆ, ಉದುರಿದ ಹಸಿ ಅಡಿಕೆ ಮರದ ಬುಡದಲ್ಲಿ ಬಿಳಿ ಬೂಷ್ಟು ಹಿಡಿದು ಬಿದ್ದಿತ್ತು. ತೋಟವೇನೋ ಮರುವರ್ಷ ಚೇತರಿಸಿಕೊಂಡಿತು. ನಿನ್ನ ಅಣ್ಣ, ನಲವತ್ತು ದಾಟಿದವನು, ಈ ಬೆಳಿಗ್ಗೆಯೂ ಅಂಗಳದಲ್ಲಿ ನಿಂತು ಮೋಡ ನೋಡುವ ಬದಲು ನನ್ನ ಮುಖ ನೋಡಿ “ಇವತ್ತು ಹೊಡೆಸಲಾ ಅಪ್ಪಯ್ಯ?” ಎಂದು ಕೇಳಿದ. ನನ್ನ ಹೆದರಿಕೆ ಅವನಿಗೆ ಆಸ್ತಿಯಂತೆ ಬಂದಿದೆ.

ನೀನು ಎರಡು ಗಂಟೆಗೆ ತಿದ್ದಿದ್ದು ಬೆಳಗಾದ ಮೇಲೆ ಅವರ ಕಣ್ಣಿಗೆ ಬೀಳದೆ ಇರುವುದಿಲ್ಲ, ಕೂಸೇ. ಮುಂದಿನ ಸಲ ಅವರು ಅಷ್ಟು ಜಾಗ್ರತೆ ಏಕೆ ವಹಿಸಬೇಕು?

ಆಫೀಸಿನ ಕೆಲಸ ನನಗೆ ತಿಳಿಯದು, ಬುದ್ಧಿ ಹೇಳುವ ಯೋಗ್ಯತೆಯೂ ಕಡಿಮೆ. ಕೆಟ್ಟರೂ ತಡೆದುಕೊಳ್ಳಬಹುದಾದ ಒಂದೇ ಒಂದು ಕೆಲಸವನ್ನು ಒಬ್ಬರಿಗೆ ಪೂರ್ತಿ ಬಿಟ್ಟುಕೊಡು. ಕತ್ತಿಯನ್ನು ಅವರೇ ಅದ್ದಿ ನೋಡಲಿ. ಎಚ್ಚರವಾದರೆ ನೀರು ಕುಡಿದು ಮಲಗು, ನನಗೆ ಅದು ಸಾಧ್ಯವಾಗಿಲ್ಲವಾದರೂ.

ಇವತ್ತು ನಿನ್ನ ಅಣ್ಣನಿಗೆ “ನಿನಗೆ ಕಂಡಂತೆ ಮಾಡು” ಎಂದು ಹೇಳಿ ಒಳಗೆ ಬಂದೆ. ಹಿತ್ತಲಲ್ಲಿ ಡ್ರಮ್ಮು ಉರುಳಿಸುವ ಸದ್ದು ಕೇಳುತ್ತಿದೆ. ಎದ್ದು ಹೋಗಬಾರದೆಂದೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಿನ್ನ ದೊಡ್ಡಪ್ಪ