ಮುಖ ತಿರುಗಿಸಿದ ಮಗುವಿನ ವಿಷಯವಾಗಿ

ಚಿ. ಸೌ. ಪುಟ್ಟಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಇಲ್ಲಿಯ ಸಮಾಚಾರವನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಮೂರನೆಯ ಪುಟದ ಒಂದು ಮಾತು ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿತು. ಡೇ ಕೇರ್‌ಗೆ ಬಿಟ್ಟ ಐದನೆಯ ದಿನ ಸಂಜೆ ನೀನು ಕೈ ಚಾಚಿದಾಗ ಮಗು ಮುಖ ತಿರುಗಿಸಿ ಆಯಾಳ ಹೆಗಲಿಗೆ ಒರಗಿಕೊಂಡಿತೆಂದೂ, ಮೊದಲ ವರ್ಷ ಕೆಟ್ಟ ನಂಬಿಕೆ ಜನ್ಮಪೂರ್ತಿ ಸರಿಹೋಗುವುದಿಲ್ಲವೆಂದು ಓದಿದ್ದೀಯೆಂದೂ ಬರೆದು, ಕೊನೆಗೆ "ಅವನೊಳಗೆ ಏನೋ ಆಗಲೇ ಮುರಿದಿದೆ, ದೊಡ್ಡಮ್ಮ" ಎಂದಿದ್ದೀಯ.

ನೀನು ಓದಿದ್ದನ್ನೇ ವರ್ಷಗಟ್ಟಲೆ ಶಿಕ್ಷಕರ ತರಬೇತಿಯ ವಿದ್ಯಾರ್ಥಿಗಳಿಗೆ ಬೋಧಿಸಿದವಳು ನಾನು. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರಲ್ಲಿ ಮಂಡಿಸಿದ, ಹಸುಗೂಸಿನಿಂದ ಮುಪ್ಪಿನವರೆಗಿನ ಎಂಟು ಹಂತಗಳನ್ನು ಕರಿಹಲಗೆಯ ಮೇಲೆ ಏಣಿಯಂತೆ ಬರೆದು, ತಳದ ಮೆಟ್ಟಿಲಿಗೆ 'ನಂಬಿಕೆ – ಅಪನಂಬಿಕೆ' ಎಂದು ಹೆಸರಿಟ್ಟು, ಅದು ಸಡಿಲವಾದರೆ ಮೇಲಿನದೆಲ್ಲ ಅಲುಗಾಡುತ್ತದೆ ಎನ್ನುತ್ತಿದ್ದೆ. ಪರೀಕ್ಷೆಗೆ ಅಷ್ಟು ಸಾಕಾಗುತ್ತಿತ್ತು. ಆದರೆ ಎರಿಕ್ಸನ್ ಹೇಳಿದ್ದು ನಂಬಿಕೆಯ ಪಾಲು ಹೆಚ್ಚಿರಬೇಕೆಂದೇ ಹೊರತು ಅಪನಂಬಿಕೆ ಇರಲೇಬಾರದೆಂದಲ್ಲ. ಮೊದಲ ಹಂತದಲ್ಲಿ ಬಿದ್ದ ಗಂಟನ್ನು ಮುಂದಿನ ಹಂತಗಳಲ್ಲಿ ಬಿಡಿಸಿಕೊಳ್ಳಲು ಅವಕಾಶವಿದೆಯೆಂಬುದನ್ನೂ ಅವರು ಅಲ್ಲಗಳೆಯಲಿಲ್ಲ. ಆ ಭಾಗವನ್ನು ನಾನು ಗಡಿಬಿಡಿಯಲ್ಲಿ ದಾಟಿಸಿಬಿಡುತ್ತಿದ್ದೆ. ನಿನ್ನಂಥ ಎಷ್ಟು ತಾಯಂದಿರು ನನ್ನ ತರಗತಿಯಿಂದ ಅರ್ಧ ಪಾಠ ಹೊತ್ತು ಮನೆಗೆ ಹೋದರೋ!

ನಾನು ಮಗನನ್ನು ಅಜ್ಜಿಯ ಬಳಿ ಬಿಟ್ಟು ಎಂ.ಎಡ್. ಓದಲು ಮೈಸೂರಿಗೆ ಹೋದ ವರ್ಷದ ಕಥೆ ನಿನಗೆ ಗೊತ್ತು. ತಿರುಗಿ ಬಂದ ದಿನದ್ದು ಗೊತ್ತಿರಲಾರದು. ನಿನ್ನ ಅಣ್ಣ ಅಜ್ಜಿಯ ಹಿಂದೆ ನಿಂತು ಅವಳ ಸೆರಗಿನ ತುದಿಯನ್ನು ಬಾಯಲ್ಲಿಟ್ಟು ಅಗಿಯುತ್ತಿದ್ದ. ಆ ತುದಿ ಒದ್ದೆಯಾಗಿ ಬಣ್ಣ ಗಾಢವಾಗಿತ್ತು. "ಯಾರು ಬಂದಿದ್ದಾರೆ ನೋಡೋ" ಎಂದು ಅಜ್ಜಿ ಮುಂದೆ ತಳ್ಳಿದರೆ, ಒಮ್ಮೆ ನನ್ನನ್ನು ನೋಡಿ, ನೀನು ಬರೆದಿರುವೆಯಲ್ಲ, ಹಾಗೆಯೇ ಮುಖ ತಿರುಗಿಸಿದ. ಇಂಥ ಮಗುವಿನ ಬಗ್ಗೆ ಆ ವರ್ಷವೆಲ್ಲ ಓದಿ ಬಂದವಳಿಗೆ ಸಿಟ್ಟು ಬಂತು. ಮೂರನೆಯ ದಿನವೇ ಅವನನ್ನು ಎತ್ತಿಕೊಂಡು ಬಸ್ಸು ಹತ್ತಿದೆ; ಹೊಂದಿಕೊಳ್ಳಲಿ ಎಂದು ಎರಡು ತಿಂಗಳು ಅಜ್ಜಿಯನ್ನು ಬರಗೊಡಲಿಲ್ಲ. ರಾತ್ರಿ ಅವನು ಕರೆಯುತ್ತಿದ್ದುದು ಅಜ್ಜಿಯನ್ನು. ಓದಲು ಹೋದದ್ದಕ್ಕೆ ನಾನು ಅಷ್ಟಾಗಿ ನೊಂದಿಲ್ಲ, ಪುಟ್ಟಿ. ಆ ಎರಡು ತಿಂಗಳಿಗೆ ಈಗಲೂ ನೋಯುತ್ತೇನೆ.

ನಿನ್ನನ್ನು ಹೆದರಿಸಿರುವ ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿಯವರ ವಿಷಯವೂ ಇದಕ್ಕೇ ಬಂದು ಮುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಗಾಗಿ ಅವರು 1951ರಲ್ಲಿ ಬರೆದ ವರದಿ ಯುದ್ಧಾನಂತರ ಮನೆಮಠವಿಲ್ಲದೆ ಸಂಸ್ಥೆಗಳಲ್ಲಿ ಬೆಳೆಯುತ್ತಿದ್ದ ಮಕ್ಕಳ ಕುರಿತದ್ದು. ಸಂಜೆ ತಾಯಿ ಬಂದು ಕರೆದೊಯ್ಯುವ ಮಗುವಿಗೆ ಅದನ್ನು ಅನ್ವಯಿಸಿ ಹೆಂಗಸರನ್ನು ಬೆದರಿಸಿದ್ದು ಆಮೇಲಿನ ಮಾತು. ಬೌಲ್ಬಿಯವರನ್ನು ಸಾಕಿದವಳು ಒಬ್ಬ ದಾದಿ. ಅವರಿಗೆ ಸುಮಾರು ನಾಲ್ಕು ವರ್ಷವಾಗಿದ್ದಾಗ ಅವಳು ಬಿಟ್ಟು ಹೋದಳು. ಅಕ್ಕರೆಯಿಂದ ಸಾಕಿದ ದಾದಿ ಹೊರಟುಹೋಗುವುದು ಮಗುವಿಗೆ ಹೆಚ್ಚುಕಡಿಮೆ ತಾಯಿಯನ್ನು ಕಳೆದುಕೊಂಡಷ್ಟೇ ಘೋರವಾಗಬಹುದು ಎಂಬರ್ಥದಲ್ಲಿ ಅವರು ಮುಂದೆ ಬರೆದದ್ದನ್ನು ಓದಿದ ದಿನ ನನಗೆ ನೆನಪಾದದ್ದು ಒದ್ದೆಯಾದ ಆ ಸೆರಗು. ಆದ್ದರಿಂದ ಮಗು ಆಯಾಳ ಹೆಗಲಿಗೆ ಒರಗಿದ್ದಕ್ಕೆ ಹೊಟ್ಟೆ ಉರಿಸಿಕೊಳ್ಳಬೇಡ. ಆಯಾ ಬದಲಾಗುತ್ತಲೇ ಇರುವ ಜಾಗವಾದರೆ ಮಾತ್ರ ಯೋಚಿಸು. ಅಲ್ಲಿ ಆಟಿಕೆ ಎಷ್ಟಿವೆ, ಗೋಡೆಗೆ ಬಣ್ಣ ಎಂಥದ್ದು ಎಂಬುದು ನನಗೆ ಮುಖ್ಯವೆನಿಸುವುದಿಲ್ಲ.

ಇನ್ನೊಂದು ಮಾತು. ಕಣ್ಣಿಗೆ ಕಾಣದ್ದು ಇಲ್ಲವಾಗಿಲ್ಲ ಎಂಬ ಅರಿವು ಎಂಟನೆಯ ತಿಂಗಳ ಸುಮಾರಿಗೆ ಮೂಡತೊಡಗುತ್ತದೆಂದು ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಪಿಯಾಜೆ ತಮ್ಮ ಮೂವರು ಮಕ್ಕಳನ್ನೇ ನೋಡಿ ಬರೆದರು. ನಿನ್ನ ಮಗನಿಗೆ ಈಗ ಎಂಟು. ಹೋದ ತಿಂಗಳು ನೀನು ಕೋಣೆ ದಾಟಿದರೆ ಅವನ ಪಾಲಿಗೆ ಇಲ್ಲವಾಗುತ್ತಿದ್ದೆಯೇನೋ. ಈಗ ನೀನು ಎಲ್ಲೋ ಇದ್ದೀಯೆಂದು ಅವನಿಗೆ ಗೊತ್ತು. ಅವನು ಮುಖ ತಿರುಗಿಸಿದ್ದರಲ್ಲಿ ಆ ಮುನಿಸೂ ಇರಬಹುದಲ್ಲವೆ?

ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡದ ಹಳ್ಳಿಗಳಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಮನೆಮನೆಗೆ ಹೋಗಿ ತಾಯಿ-ಮಕ್ಕಳನ್ನು ಗಮನಿಸಿದವರು. ಸುಮಾರು ಇಪ್ಪತ್ತು ನಿಮಿಷದ ಅವರ ಪರೀಕ್ಷೆಯಲ್ಲಿ ತಾಯಿ ಎರಡು ಸಲ ಹೊರಗೆ ಹೋಗಿ ಬರುತ್ತಾಳೆ. ಮಗು ಎಷ್ಟು ಅತ್ತಿತು ಎಂಬುದಕ್ಕಿಂತ ಅವಳು ಬಂದ ಮೇಲೆ ಏನು ಮಾಡಿತು ಎಂಬುದನ್ನೇ ಅಲ್ಲಿ ಹೆಚ್ಚಾಗಿ ನೋಡುತ್ತಾರೆ. ಅದು ಕೂಡ ವರ್ಷ ತುಂಬಿದ ಮಕ್ಕಳಿಗೆ. ದಣಿದ ಎಂಟು ತಿಂಗಳ ಕೂಸಿನ ಒಂದು ಸಂಜೆಯನ್ನು ಹಿಡಿದು ಅವರು ಯಾವ ತೀರ್ಪನ್ನೂ ಕೊಡುತ್ತಿರಲಿಲ್ಲ. ಅಮೆರಿಕದಲ್ಲಿ 1991ರಿಂದ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸಿದ ಅಧ್ಯಯನದಲ್ಲಿ, ಬೇರೆಯವರ ಬಳಿ ಬಿಟ್ಟ ಮಾತ್ರಕ್ಕೆ ತಾಯಿಯೊಡನೆಯ ನಂಟು ಕೆಡುವುದು ಕಾಣಲಿಲ್ಲ. ಮಗುವಿನ ಸೂಚನೆಗಳಿಗೆ ತಾಯಿಯೂ ಸ್ಪಂದಿಸದೆ, ನೋಡಿಕೊಳ್ಳುವ ಜಾಗವೂ ಕಳಪೆಯಾಗಿದ್ದರೆ ತೊಂದರೆ ಕಂಡಿತು. ನೀನು ಸ್ಪಂದಿಸದ ತಾಯಿಯಾಗಿದ್ದರೆ ಮೂರು ಪುಟ ಬರೆಯುತ್ತಿರಲಿಲ್ಲ.

ಉಪದೇಶ ಮಾಡುವ ಯೋಗ್ಯತೆ ನನಗಿದೆಯೋ ಇಲ್ಲವೋ, ಆದರೂ ಬರೆಯುತ್ತೇನೆ. ಬೆಳಿಗ್ಗೆ ಅವನ ಕಣ್ಣು ತಪ್ಪಿಸಿ ಓಡಬೇಡ. ಅಳಲಿ, ಹೇಳಿಯೇ ಹೋಗು. ಸಂಜೆ ಹೋದ ಕೂಡಲೇ ಕಿತ್ತುಕೊಳ್ಳದೆ ಆಯಾಳ ಪಕ್ಕದಲ್ಲಿ ಸ್ವಲ್ಪ ಕುಳಿತುಕೋ. ನಿನ್ನ ಆಫೀಸಿನ ಹೊತ್ತಿಗೆ ಇದು ಹೊಂದುತ್ತದೋ ಇಲ್ಲವೋ, ನನಗೆ ತಿಳಿಯದು.

ನಿನ್ನ ಅಣ್ಣ ಪ್ರತಿ ಭಾನುವಾರ ಫೋನ್ ಮಾಡುತ್ತಾನೆ, ಎರಡು ನಿಮಿಷದಲ್ಲಿ ಇಡುತ್ತಾನೆ. ಅದು ಆ ಎರಡು ತಿಂಗಳ ಫಲವೋ, ಅಪ್ಪನಿಂದ ಬಂದ ಮಿತಭಾಷೆಯೋ ಎಂದು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಹೋದ ಯುಗಾದಿಗೆ ಧೈರ್ಯ ಮಾಡಿ ಕೇಳಿದೆ. "ನನಗೇನೂ ನೆನಪಿಲ್ಲಮ್ಮ" ಎಂದು ನಕ್ಕು, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕಿದ.

ಒಂದು ವಿಷಯವನ್ನು ನೀನು ಬರೆದೇ ಇಲ್ಲ. ಮುಖ ತಿರುಗಿಸಿದ ಮೇಲೆ ಮಗು ಏನು ಮಾಡಿತು? ನಾನಂತೂ ಅವತ್ತು ಕಾದು ನೋಡಲಿಲ್ಲ. ಮುಂದಿನ ಪತ್ರದಲ್ಲಿ ಅದನ್ನು ಬರೆ.

ಇಂತಿ ನಿನ್ನ,
ದೊಡ್ಡಮ್ಮ